ಮಾವಿನ ಮರದ ಬುಡದಲ್ಲಿ ಒಂದೆಲಗ

ಏನಕ್ಕಾ, ಮತ್ತೆ ಹುಲ್ಲುಹಾಸು ತರಿಸ್ತೀರಂತೆ? ಬೇಡ ಅಂತೀನಿ. ಹುಲ್ಲಿಗೆ ಬಿಸಿಲು ಬೇಕು. ನಿಮ್ಮ ಮಾವಿನ ಮರದ ಕೆಳಗೆ ಬೆಳಿಗ್ಗೆ ಒಂದಿಷ್ಟು ಹೊತ್ತು ಎಳೆಬಿಸಿಲು ಬಂದು ಹೋದರೆ ಮುಗೀತು, ಆಮೇಲೆ ಎಲೆಗಳ ಸಂದಿಯಿಂದ ಬಿದ್ದಷ್ಟೇ ಬೆಳಕು. ಅಂಥ ಕಡೆ ಹುಲ್ಲು ಸೊರಗಿ, ಪಾಚಿ ಕಟ್ಟಿ, ಕಡೆಗೆ ಬರೀ ಮಣ್ಣು ಉಳಿಯುತ್ತೆ. ಅದೇ ಜಾಗ ಒಂದೆಲಗಕ್ಕೆ ಹೇಳಿ ಮಾಡಿಸಿದ ಹಾಗಿದೆ!

ಇಲ್ಲಿ ಬೇಲಿ ಹತ್ರ ಸ್ವಲ್ಪ ಬಗ್ಗಿ ನೋಡಿ. ಈ ಕೆಂಪು ದಾರದಂಥ ಬಳ್ಳಿ ಗಿಣ್ಣು ಗಿಣ್ಣಿಗೂ ಬೇರು ಬಿಟ್ಕೊಂಡು ಹೋಗಿದೆ. ಒಂದೊಂದು ಗಿಣ್ಣೂ ಒಂದು ಗಿಡವೇ. ಬಿಸಿಲಲ್ಲಿರೋ ಎಲೆ ಚಿಕ್ಕದು, ತೊಟ್ಟೂ ಗಿಡ್ಡ. ಈ ನೆರಳಿಂದು ನೋಡಿ, ತೊಟ್ಟು ಉದ್ದಕ್ಕೆ ಎದ್ದು ಎಲೆ ಅಗಲವಾಗಿದೆ. ತಂಬುಳಿಗೆ ಇದೇ ಚೆನ್ನ. ಒಂದು ಹಿಡಿ ಎಲೆ, ಕಾಯಿತುರಿ, ಹುರಿದ ಜೀರಿಗೆ, ನಾಲ್ಕು ಕಾಳು ಮೆಣಸು ಹಾಕಿ ನುಣ್ಣಗೆ ರುಬ್ಬಿ ಮಜ್ಜಿಗೆಗೆ ಕಲಸಿದ್ರೆ, ಬೇಸಿಗೆ ಮಧ್ಯಾಹ್ನ ಅನ್ನಕ್ಕೆ ಬೇರೇನೂ ಬೇಡ. ತುಳುನಾಡಿನವರಿಗೆ ಇದು ತಿಮರೆ. ಅವರ ಚಟ್ನಿಯೂ ಸೊಗಸು.

ಗುದ್ದಲಿ ಮಾತ್ರ ಹಾಕ್ಬೇಡಿ. ಮರದ ಸಣ್ಣ ಬೇರುಗಳೆಲ್ಲ ಮೇಲ್ಮಣ್ಣಲ್ಲೇ ಇರ್ತವೆ, ಕಡಿದ್ರೆ ಮಾವಿಗೇ ಪೆಟ್ಟು. ಮಣ್ಣಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿ 2 ಇಂಚು ದಪ್ಪ ಹರಡಿ, ಬೊಡ್ಡೆಗೆ ತಾಗದ ಹಾಗೆ. ಗೇಣಿಗೊಂದು ಬೇರಿರೋ ಗಿಣ್ಣು ಊರಿ. ಈಗ ಮುಂಗಾರು ಹಿಡಿದಿದೆಯಲ್ಲ, ಮಳೆಗಾಲ ಮುಗಿಯೋದರೊಳಗೆ ಹಬ್ಬಿಬಿಡುತ್ತೆ. ಉದುರಿದ ಮಾವಿನ ಎಲೆ ಗುಡ್ಡೆ ಬೀಳದ ಹಾಗೆ ಆಗಾಗ ಆರಿಸ್ತಿರಿ, ಅದರಡಿ ಸಿಕ್ಕಿದ್ದು ಕೊಳೆಯುತ್ತೆ. ಬೇಸಿಗೇಲಿ ನೀರು ತಪ್ಪಿಸೋ ಹಾಗಿಲ್ಲ. ಹಾಗಂತ ಬಚ್ಚಲ ನೀರು ಬಿಡ್ಬೇಡಿ, ತಿನ್ನೋ ಸೊಪ್ಪು.

ಕಾಂಪೌಂಡ್ ಪಕ್ಕದ ಒಣ ಮೂಲೆಗೆ ದೊಡ್ಡಪತ್ರೆ ಸಾಕು, ಕಡ್ಡಿ ಮುರಿದು ಚುಚ್ಚಿದ್ರೆ ಚಿಗುರುತ್ತೆ.

ನರ್ಸರಿಯಲ್ಲಿ ಹಳದಿ ಹೂವಿನ ವೆಡೇಲಿಯಾ ಕೊಟ್ರೆ ಮಾತ್ರ ದಯವಿಟ್ಟು ತರಬೇಡಿ. ಬೇಗ ಹಬ್ಬುತ್ತೆ, ನಿಜ. ಅದೇ ತೊಂದರೆ. ಅಮೆರಿಕ ಖಂಡದ ಬಿಸಿ ಸೀಮೆಯಿಂದ ಬಂದ ಬಳ್ಳಿ, ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ಕತ್ತರಿಸಿ ಎಸೆದ ತುಂಡೂ ಬೇರು ಬಿಡುತ್ತೆ. ಚರಂಡಿ ಸೇರಿ ಕೆರೆ ದಂಡೆ ಹತ್ತಿದ್ರೆ ಅಲ್ಲಿ ನಮ್ಮ ಒಂದೆಲಗಕ್ಕೇ ಜಾಗ ಉಳಿಯಲ್ಲ.

ಸಂಜೆ ಒಂದು ಪುಟ್ಟಿ ಹಿಡ್ಕೊಂಡು ಬನ್ನಿ ಅಕ್ಕಾ, ಬೇರು ಸಮೇತ ಕಿತ್ತು ಕೊಡ್ತೀನಿ. ಒದ್ದೆ ಗೋಣಿಯಲ್ಲಿ ಸುತ್ತಿಟ್ಟು ಬೆಳಿಗ್ಗೆ ಬಿಸಿಲೇರೋ ಮುಂಚೆ ಊರಿಬಿಡಿ.