ಮೂರು ತಾಲ್ಲೂಕಿನ ಕೇನ್ ಶಾಸ್ತ್ರ

ಪಾಲಿಮರ್ ಕ್ಲೇ ಕೇನ್ ತಯಾರಿಕೆಯಲ್ಲಿ ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳು ಹಿಂದುಳಿದಿವೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಈ ಭಾಗದಲ್ಲಿ ಈ ವಿಷಯದ ತಜ್ಞ ನಾನೊಬ್ಬನೇ ಆದ್ದರಿಂದ ನಾನು ಒಪ್ಪದಿದ್ದರೆ ಅಲ್ಲಿಗೆ ಚರ್ಚೆ ಮುಗಿದಂತೆ.

ಮೊದಲು ಸಾಮಗ್ರಿ. ಕ್ಲೇ ಎಂಬ ಹೆಸರಿದ್ದರೂ ಇದರಲ್ಲಿ ಕೆರೆಯ ಗೋಡುಮಣ್ಣು ಚಿಟಿಕೆಯಷ್ಟೂ ಇಲ್ಲ. ಪಿವಿಸಿ ಪುಡಿ, ಅದನ್ನು ಮೆತ್ತಗಿಡುವ ಎಣ್ಣೆಯಂಥ ದ್ರವ, ಬಣ್ಣ, ಅಷ್ಟೆ. ಕಡೂರಿನ ರೈತರಿಗೆ ಪಿವಿಸಿಯ ಪರಿಚಯ ಮಾಡಿಕೊಡುವುದು ಅಧಿಕಪ್ರಸಂಗ. ಬೋರ್‌ವೆಲ್ ಹೆಸರಿನಲ್ಲಿ ಅವರು ನೆಲದೊಳಕ್ಕೆ ಇಳಿಸಿರುವ ಪಿವಿಸಿಯಲ್ಲಿ ಇಡೀ ಜಿಲ್ಲೆಗೆ ಕಿವಿಯೋಲೆ ಮಾಡಬಹುದಿತ್ತು. ನೀರಂತೂ ಬರಲಿಲ್ಲ, ಓಲೆಯಾದರೂ ಆಗುತ್ತಿತ್ತು.

ಬಣ್ಣಬಣ್ಣದ ಕ್ಲೇಯನ್ನು ಹಾಳೆ, ಕಡ್ಡಿ, ಬೆಣೆಗಳಾಗಿ ಜೋಡಿಸಿ ದಪ್ಪ ದಿಂಡು ಕಟ್ಟಬೇಕು. ಅದೇ ಕೇನ್. ಅಡ್ಡಕ್ಕೆ ಎಲ್ಲಿ ಕೊಯ್ದರೂ ಅದೇ ಹೂವು, ಅದೇ ಎಲೆ. ವೆನಿಸ್ ಬಳಿಯ ಮುರಾನೋ ದ್ವೀಪದವರು ಗಾಜಿನಲ್ಲಿ ಮಾಡುತ್ತಿದ್ದ ಕೆಲಸ ಇದು. ದಿಂಡನ್ನು ನಡುವಿನಿಂದ ಹಿಸುಕಿ, ಉರುಳಿಸಿ, ಎಳೆದು ಸಪೂರ ಮಾಡಿದಂತೆ ಒಳಗಿನ ಚಿತ್ರವೂ ಚಿಕ್ಕದಾಗುತ್ತದೆ. ಅಡ್ಡಳತೆ ಅರ್ಧಕ್ಕಿಳಿದರೆ ಉದ್ದ ನಾಲ್ಕು ಪಟ್ಟು. ಎರಡು ತುದಿಗಳಲ್ಲಿ ಮಾತ್ರ ಚಿತ್ರ ಕಲಸಿಹೋಗುತ್ತದೆ, ಅವನ್ನು ಕತ್ತರಿಸಿ ಎಸೆಯಬೇಕು. ಸರ್ಕಾರಿ ಯೋಜನೆಗೂ ಕೇನ್‌ಗೂ ಇರುವ ವ್ಯತ್ಯಾಸ ಇಷ್ಟೇ: ಅಲ್ಲಿ ಉದ್ಘಾಟನೆ ಮತ್ತು ಸಮಾರೋಪ ಎಂಬ ತುದಿಗಳೆರಡೇ ಚೊಕ್ಕ, ಕಲಸಿಹೋಗುವುದು ನಡುಭಾಗ.

ಕಡೂರಿಗೆ ನನ್ನ ಶಿಫಾರಸು ಕೊಬ್ಬರಿ ಕೇನ್. ಬಿಳಿ ದಿಂಡು, ಸುತ್ತ ತೆಳ್ಳಗೆ ಕಂದು ಹಾಳೆ, ಮುಗಿಯಿತು. ಆದರೆ ಏಪ್ರಿಲ್ ತಿಂಗಳಲ್ಲಿ ಕ್ಲೇಯನ್ನು ಕಾರಿನಲ್ಲೇ ಬಿಟ್ಟು ಮದುವೆ ಊಟಕ್ಕೆ ಹೋಗಬೇಡಿ. ಪಾಯಸ ಬರುವಷ್ಟರಲ್ಲಿ ಅದು ಅಲ್ಲೇ ಅರೆಬೆಂದು ಕೂತಿರುತ್ತದೆ. ಬೇಯಿಸಲು ಓವನ್‌ನಲ್ಲಿ ಸುಮಾರು 130 ಡಿಗ್ರಿ ಸೆಲ್ಸಿಯಸ್, ಅರ್ಧ ಗಂಟೆ. ಕರೆಂಟ್ ಸತತ ಅರ್ಧ ಗಂಟೆ ಇರುವ ಮುಹೂರ್ತವನ್ನು ಪುರೋಹಿತರಲ್ಲಿ ಕೇಳಿ ಗೊತ್ತುಮಾಡಿಕೊಳ್ಳುವುದು ಕಡೂರು ಪದ್ಧತಿಯ ವಿಶೇಷ. ಶಾಖ ಹೆಚ್ಚಾಗಿ ಸೀದರೆ ಹೈಡ್ರೋಜನ್ ಕ್ಲೋರೈಡ್ ಹೊಗೆ ಏಳುತ್ತದೆ. ಆಗ ಶಾಸ್ತ್ರ ಬದಿಗಿಟ್ಟು ಕಿಟಕಿ ತೆಗೆಯಬೇಕು.

ತರೀಕೆರೆಯದು ಅಡಕೆ ಕೇನ್. ಅಡಕತ್ತರಿಯಲ್ಲಿ ಒಂದು ಅಡಕೆ ಹೋಳು ಮಾಡಿ ನೋಡಿ: ಅಂಚಿನಿಂದ ಕಂದು ಗೆರೆಗಳು ಬಿಳಿಯೊಳಗೆ ನುಗ್ಗಿ, ಅಲ್ಲಲ್ಲಿ ಕವಲೊಡೆದು ನಿಂತಿರುತ್ತವೆ. ಅರೆಪಾರದರ್ಶಕ ಕ್ಲೇಯ ಎಳೆಗಳಿಗೆ ಕಂದು ಹಾಳೆ ಸುತ್ತಿ, ಒಟ್ಟಿಗೆ ಕಟ್ಟಿ ಎಳೆದರೆ ಸಾಕ್ಷಾತ್ ಅದೇ. ನನ್ನ ಶಿಷ್ಯೆಯೊಬ್ಬಳು ಮಾಡಿದ ಹೋಳುಗಳು ನಿಶ್ಚಿತಾರ್ಥವೊಂದರಲ್ಲಿ ತಪ್ಪಿ ವೀಳ್ಯದ ತಟ್ಟೆ ಸೇರಿದವು. ಹುಡುಗನ ಕಡೆಯ ಅಜ್ಜಿ ಒಂದನ್ನು ಬಾಯಿಗೆ ಹಾಕಿ, ಉಗಿದು, “ಯಾರ ತೋಟದ್ದೇ ತಾಯಿ ಇದು? ಪುಡಿಪುಡಿ ಆಗುತ್ತೆ. ಬೇಯಿಸಿದ್ದು ಸಾಲದು” ಅಂದರು. ತಾಂತ್ರಿಕವಾಗಿ ಅಜ್ಜಿಯ ವಿಮರ್ಶೆ ನೂರಕ್ಕೆ ನೂರು ಸರಿ. ಸರಿಯಾಗಿ ಬೆಂದ ತೆಳು ಹೋಳು ಬಾಗುತ್ತದೆ, ಬೇಯದ್ದು ಮುರಿಯುತ್ತದೆ. ಅಂದಿನಿಂದ ಗುಣಮಟ್ಟ ಪರೀಕ್ಷೆಗೆ ಅವರ ಹೆಸರನ್ನೇ ಸೂಚಿಸುತ್ತಿದ್ದೇನೆ; ಅವರು ಬರಲೊಪ್ಪುತ್ತಿಲ್ಲ.

ಅಮೃತಮಹಲ್ ತಳಿ ಸಂವರ್ಧನ ಕೇಂದ್ರ ಇರುವ ಅಜ್ಜಂಪುರಕ್ಕೆ ಹೋರಿಯ ಮುಖವೇ ಆಗಬೇಕು. ಕಷ್ಟ ಇರುವುದು ಕೊಂಬಿನಲ್ಲಿ. ಬುಡದಲ್ಲಿ ಹತ್ತಿರ ಹತ್ತಿರ ಹುಟ್ಟಿ, ಹಿಂದಕ್ಕೆ ಬಾಗಿ ಮೇಲೇರಿ ಚೂಪಾಗುವ ಆ ಕೊಂಬಿನ ಎರಡು ಬದಿಗೂ ಅಷ್ಟೇ ಗಡಸಾದ ಹಿನ್ನೆಲೆ ಕ್ಲೇ ತುಂಬಬೇಕು. ತುಂಬದೆ ಎಳೆದರೆ ಕೊಂಬು ಜೋತುಬಿದ್ದು ಅಮೃತಮಹಲ್ ಹೋಗಿ ಜರ್ಸಿ ಆಗುತ್ತದೆ. ಕೊಯ್ಯುವ ಮುಂಚೆ ದಿಂಡನ್ನು ಫ್ರಿಜ್ಜಿನಲ್ಲಿಡಿ. ಒಂದೊಂದು ಹೋಳಿಗೂ ಕಾಲು ಸುತ್ತು ತಿರುಗಿಸಿ. ಇಲ್ಲದಿದ್ದರೆ ಮುಖ ಒಂದೇ ಕಡೆ ಚಪ್ಪಟೆಯಾಗಿ, ಹೋರಿ ನಮ್ಮೂರ ಬಸ್ಸಿನಲ್ಲಿ ನಿಂತು ಬಂದಂತೆ ಕಾಣುತ್ತದೆ.

ಇನ್ನು ತರೀಕೆರೆ ಹತ್ತಿರದ ಅಮೃತಾಪುರ. ಹೊಯ್ಸಳ ದೊರೆ ಎರಡನೇ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ ಕಟ್ಟಿದ ಅಮೃತೇಶ್ವರ ದೇವಾಲಯವನ್ನು ಕೇನ್ ದೃಷ್ಟಿಯಿಂದ ನೋಡಿದರೆ ಬೇಸರವಾಗುತ್ತದೆ. ದಕ್ಷಿಣದ ಗೋಡೆಯಲ್ಲಿ ರಾಮಾಯಣದ 70 ಫಲಕಗಳು. ಒಂದೂ ಇನ್ನೊಂದರಂತಿಲ್ಲ! ಒಂದು ದಿಂಡು ಮಾಡಿ 70 ಹೋಳು ಕೊಯ್ದಿದ್ದರೆ ಸಂಜೆಯೊಳಗೆ ಕೆಲಸ ಮುಗಿಯುತ್ತಿತ್ತು. ಇಲ್ಲಿನ ಛಾವಣಿಗಳಲ್ಲಿ ಕೈಪಳಗಿಸಿಕೊಂಡ ರೂವಾರಿ ಮಲ್ಲಿತಮ್ಮನಿಗೆ ಇದನ್ನು ತಿಳಿಸಿಹೇಳುವ ತಜ್ಞರು ಆಗ ಇರಲಿಲ್ಲ ಎಂದೇ ಭಾವಿಸಬೇಕು. ಹೊರ ಪ್ರಾಕಾರದಲ್ಲಿ ಮಾತ್ರ ಸಮಾನ ಅಂತರದಲ್ಲಿ ದುಂಡನೆಯ ಉಬ್ಬುಕೆತ್ತನೆಗಳ ಸಾಲಿದೆ. ಅವು ಕೇನ್ ಹೋಳುಗಳೇ ಎಂದು ನಾನು ಹಲವು ವೇದಿಕೆಗಳಲ್ಲಿ ಸಾಧಿಸಿದ್ದೇನೆ. ಅದು ಬಳಪದ ಕಲ್ಲು, ಉಳಿಯಲ್ಲಿ ಕೆತ್ತಿದ್ದು ಎಂದು ಇತಿಹಾಸದವರು ಹೇಳುತ್ತಾರೆ. ಅವರಿಗೆ ಕ್ಲೇ ಗೊತ್ತಿಲ್ಲ.

ಓದುಗರಲ್ಲಿ ಒಂದು ವಿನಂತಿ. ನನ್ನ ಸಿದ್ಧಾಂತವನ್ನು ಪರೀಕ್ಷಿಸಲು ಯಾರೂ ಬ್ಲೇಡ್ ಹಿಡಿದು ಅಮೃತಾಪುರಕ್ಕೆ ಹೋಗಬಾರದು. ಅದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕ, ಗೀಚಿದರೆ ಜೈಲು.