ವಿಹಾರ ನಿರ್ವಾಹಕನ ಬಿನ್ನವತ್ತಳೆ

ನಮ್ಮ ಬೆಂಗಳೂರಿನ ವಸತಿ ಸಮುಚ್ಚಯದ ಸಮಸ್ತ ಮಹಾಜನಗಳ ಸನ್ನಿಧಿಗೆ, ತಮ್ಮ ಕ್ಲಬ್‌ಹೌಸಿನ ವಿಹಾರ ನಿರ್ವಾಹಕನು ಮಾಡಿಕೊಳ್ಳುವ ವಿಜ್ಞಾಪನೆಗಳು.

ಉಭಯಕುಶಲೋಪರಿ. ‘ನಾನಿಲ್ಲಿ ಕ್ಷೇಮ’ ಎಂದು ಮೊದಲ ಸಾಲಿನಲ್ಲಿಯೇ ಬರೆಯುವುದು ಹಿರಿಯರ ಪತ್ರಸಂಪ್ರದಾಯವಾದರೂ, ಬಹಿರಂಗವಾಗಿ ಓದಲ್ಪಡುವ ಪತ್ರವನ್ನು ಅನೃತದಿಂದ ಆರಂಭಿಸುವುದು ಉಚಿತವಲ್ಲವೆಂದು ತಿಳಿದು ಆ ಸಾಲನ್ನು ಖಾಲಿ ಬಿಟ್ಟಿದ್ದೇನೆ. ಸದಸ್ಯರು ತಮಗೆ ತೋರಿದಂತೆ ತುಂಬಿಕೊಳ್ಳಬಹುದು.

ನನ್ನ ವೃತ್ತಿಯೇನೆಂಬುದನ್ನು ನನ್ನ ಬಂಧುಗಳಿಗೆ ವಿವರಿಸುವುದೇ ಒಂದು ಪ್ರಯಾಸ. ರಿಕ್ರಿಯೇಷನ್ ಮ್ಯಾನೇಜರ್ ಆಗಿದ್ದೇನೆಂದು ಹೇಳಿದಾಗ ಊರಿನ ನನ್ನ ಸೋದರಮಾವ ಎಡಬಲ ನೋಡಿ, ದನಿ ತಗ್ಗಿಸಿ, “ಪೊಲೀಸ್ನೋರ ಕಾಟ ಏನೂ ಇಲ್ಲ ತಾನೆ, ಮರಿ?” ಎಂದು ಕೇಳಿದರು. ತಪ್ಪು ಅವರದಲ್ಲ. ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ರಿಕ್ರಿಯೇಷನ್ ಕ್ಲಬ್ ಎಂಬ ಫಲಕ ಕಂಡಲ್ಲಿ ಒಳಗೆ ನಡೆಯುತ್ತಿರುವುದು ಇಸ್ಪೀಟಾಟವೆಂದೇ ಲೋಕದ ನಂಬಿಕೆ. ರಮ್ಮಿಯು ಮುಖ್ಯವಾಗಿ ಕೌಶಲದ ಆಟವೆಂದು ಸರ್ವೋಚ್ಚ ನ್ಯಾಯಾಲಯವು 1967ರಲ್ಲಿಯೇ ಹೇಳಿದ್ದರೂ ಆ ನಂಬಿಕೆ ಸಡಿಲಲಿಲ್ಲ. ನಾನೂ ಮಾವನವರನ್ನು ತಿದ್ದಲು ಹೋಗಲಿಲ್ಲ. ಇಸ್ಪೀಟು ಕ್ಲಬ್ಬಿನ ಮ್ಯಾನೇಜರು ದಿನದಲ್ಲಿ ಕೆಲಹೊತ್ತಾದರೂ ಕುಳಿತಿರುತ್ತಾನಲ್ಲ ಎಂಬ ಅಸೂಯೆ ನನ್ನನ್ನು ಮೂಕನನ್ನಾಗಿ ಮಾಡಿತು.

ಬೆಳಗಿನ 5 ಘಂಟೆಗೆ ನಾನು ಈಜುಕೊಳದ ದಡದಲ್ಲಿ ಪರೀಕ್ಷೆಯ ನಳಿಕೆಯನ್ನು ಹಿಡಿದು, ಅರ್ಘ್ಯವೆತ್ತಿದ ವಟುವಿನಂತೆ ಪೂರ್ವಾಭಿಮುಖನಾಗಿ ನಿಂತಿರುತ್ತೇನೆ. ನೀರಿನ ಪಿಎಚ್ 7.2ಕ್ಕೂ 7.8ಕ್ಕೂ ನಡುವೆ ಇರಬೇಕು. ಇಳಿದರೆ ತಮ್ಮ ಕಣ್ಣುಗಳು ಉರಿಯುತ್ತವೆ, ಏರಿದರೆ ಕ್ಲೋರಿನ್ನಿನ ಸತ್ತ್ವ ಕುಂದುತ್ತದೆ. ನನ್ನ ರಕ್ತದೊತ್ತಡಕ್ಕೆ ಇಂಥ ಮೇಲ್ಮಿತಿ ಕೆಳಮಿತಿಗಳನ್ನು ಯಾವ ಸಮಿತಿಯೂ ಗೊತ್ತುಪಡಿಸಿಲ್ಲ. ಆರು ಹೊಡೆಯುವಷ್ಟರಲ್ಲಿ ಬ್ಯಾಡ್ಮಿಂಟನ್ ಅಂಗಣದಲ್ಲಿ ಕಲಹ ಆರಂಭವಾಗಿರುತ್ತದೆ. 1980ರಲ್ಲಿ ಪ್ರಕಾಶ್ ಪಡುಕೋಣೆಯವರು ಆಲ್ ಇಂಗ್ಲೆಂಡ್ ಪ್ರಶಸ್ತಿಯನ್ನು ಗೆದ್ದು ತಂದದ್ದು ನಾಡಿನ ಭಾಗ್ಯವೇ ಸರಿ; ಆದರೆ 44 ಅಡಿ ಉದ್ದ, 20 ಅಡಿ ಅಗಲದ ಒಂದೇ ಒಂದು ಅಂಗಣಕ್ಕಾಗಿ, ಮಂಡಿಗೆ ಪಟ್ಟಿ ಬಿಗಿದುಕೊಂಡ ಅಷ್ಟೊಂದು ಮಂದಿ ಪಡುಕೋಣೆಯವರು ನಡೆಸುವ ವ್ಯಾಜ್ಯಗಳ ತೀರ್ಮಾನವು ಮುಂದೊಂದು ದಿನ ನನ್ನ ತಲೆಗೆ ಕಟ್ಟಲ್ಪಡುವುದೆಂದು ಆ ಮಹನೀಯರು ಊಹಿಸಿರಲಾರರು. ಮರುದಿನದ ಸರದಿಯನ್ನು ಮೊಬೈಲಿನಲ್ಲಿ ಕಾದಿರಿಸಿಕೊಳ್ಳಲು ನಡುರಾತ್ರಿ 12ರವರೆಗೆ ಎಚ್ಚರವಿದ್ದು, ನಿದ್ದೆಗೆಟ್ಟು ಬಂದು ಆಡಿ, ಆಟದಿಂದ ಆಯಾಸ ಪರಿಹಾರವಾಗುತ್ತಿಲ್ಲವೆಂದು ನನ್ನ ಮೇಲೆಯೇ ದೂರು ದಾಖಲಿಸುವ ಸದಸ್ಯರನ್ನು ಕಂಡಾಗ ನನಗೆ ಕೋಪಕ್ಕಿಂತ ಕನಿಕರವೇ ಹೆಚ್ಚಾಗುತ್ತದೆ. ಮೊನ್ನೆಯ ಯೋಗತರಗತಿಯಲ್ಲಿ, ಸರ್ವರೂ ಶವಾಸನದಲ್ಲಿ ನಿಶ್ಚೇಷ್ಟಿತರಾಗಿ ಮಲಗಿದ್ದ ಆ ಪ್ರಶಾಂತ ಮುಹೂರ್ತದಲ್ಲಿ, ಎರಡನೆಯ ಸಾಲಿನ ಶವವೊಂದು ಕಣ್ಣು ತೆರೆಯದೆಯೇ, “ಹಲೋ, ನನ್ನ ದನಿ ಎಲ್ಲರಿಗೂ ಕೇಳಿಸುತ್ತಿದೆಯೆ?” ಎಂದು ಪ್ರಶ್ನಿಸಿತು. ಕಿವಿಯೊಳಗೆ ಕಚೇರಿಯ ಸಭೆ ನಡೆಯುತ್ತಿತ್ತು.

ಹಬ್ಬಗಳ ವಿಷಯವನ್ನು ವಿಸ್ತರಿಸುವುದಿಲ್ಲ. ನವೆಂಬರ್ 1ರಂದು ಉದಿಸಿ 30ರವರೆಗೂ ಅಸ್ತಮಿಸದ ರಾಜ್ಯೋತ್ಸವ, ಅದಕ್ಕೆ ಹಿಂದೆ ಗಣಪತಿ, ಮುಂದೆ ಹೊಸವರ್ಷ, ಏಪ್ರಿಲ್ಲಿಗೆ ಮಕ್ಕಳ ಬೇಸಿಗೆ ಶಿಬಿರ ಎಂದಷ್ಟೇ ಹೇಳಿದರೆ ಸಾಕು. ಮದುವೆಮನೆಯಲ್ಲಿ ಬಡಿಸುವವನಿಗೆ ಕೊನೆಯ ಪಂಕ್ತಿಯಲ್ಲಾದರೂ ಎಲೆ ಹಾಕುತ್ತಾರೆ. ನಮ್ಮಲ್ಲಿ ಪಂಕ್ತಿಗಳು ಮುಗಿಯುವುದೇ ಇಲ್ಲ.

ಈ ಸೇವಾವಧಿಯಲ್ಲಿ ನನಗೆ ದೊರೆತ ಏಕಮಾತ್ರ ವಿಶ್ರಾಂತಿಯು ಬರಗಾಲದ ಪ್ರಸಾದವೆಂದು ಹೇಳಲು ನಾಚಿಕೆಯಾಗುತ್ತದೆ. 2024ರ ಮಾರ್ಚಿನಲ್ಲಿ ಜಲಮಂಡಳಿಯು ಈಜುಕೊಳಗಳಿಗೆ ಕುಡಿಯುವ ನೀರನ್ನು ಬಳಸಕೂಡದೆಂದು ಆಜ್ಞೆ ಹೊರಡಿಸಿ, ಮೀರಿದವರಿಗೆ 5,000 ರೂಪಾಯಿ ದಂಡ ವಿಧಿಸಿದಾಗ, ನಗರವೆಲ್ಲ ಟ್ಯಾಂಕರಿನ ದಾರಿ ಕಾಯುತ್ತಿದ್ದ ಆ ದುರ್ದಿನಗಳಲ್ಲಿ, ನಾನು ಒಂದು ಘಂಟೆ ತಡವಾಗಿ ಎದ್ದೆ. ಆ ಸುಖವೂ ಬಹುಕಾಲ ನಿಲ್ಲಲಿಲ್ಲ: ಮಳೆ ಯಾವಾಗ ಬರುತ್ತದೆಂಬ ಪ್ರಶ್ನೆಗೆ ಉತ್ತರ ಕೊಡುವುದೂ ವಿಹಾರ ವಿಭಾಗದ ಹೊಣೆಯೆಂದು ಸದಸ್ಯರು ತಮ್ಮ ವಾಟ್ಸಾಪ್ ಗುಂಪಿನಲ್ಲಿ ತೀರ್ಮಾನಿಸಿದರು.

ಕಾನೂನಿನ ಆಶ್ರಯವನ್ನು ಪಡೆಯಬಾರದೆ ಎಂದು ಹಿತೈಷಿಗಳು ಕೇಳುವರು. ವಿಶ್ವಸಂಸ್ಥೆಯು 1948ರಲ್ಲಿ ಘೋಷಿಸಿದ ಮಾನವಹಕ್ಕುಗಳ 24ನೆಯ ವಿಧಿಯು ವಿಶ್ರಾಂತಿಯನ್ನೂ ವಿರಾಮವನ್ನೂ ಪ್ರತಿಯೊಬ್ಬ ಮನುಷ್ಯನ ಹಕ್ಕೆಂದು ಸಾರುತ್ತದೆ. ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯು ದಿನಕ್ಕೆ 9, ವಾರಕ್ಕೆ 48 ಘಂಟೆಗಳಿಗಿಂತ ಹೆಚ್ಚು ದುಡಿಸಕೂಡದೆನ್ನುತ್ತದೆ. ಆದರೆ ಅದೇ ಕಾಯಿದೆಯು ನಿರ್ವಾಹಕ ಸ್ಥಾನದಲ್ಲಿರುವವರನ್ನು ತನ್ನ ಆಶ್ರಯದಿಂದ ಹೊರಗಿಟ್ಟಿದೆ. ಮೂರು ವರ್ಷಗಳ ಹಿಂದೆ ನಾನು ಸಂಬಳದ ಏರಿಕೆಯನ್ನು ಕೇಳಿದಾಗ, ಅದಕ್ಕೆ ಬದಲಾಗಿ ನನ್ನನ್ನು ‘ಸಹಾಯಕ’ನಿಂದ ‘ಮ್ಯಾನೇಜರ್’ ಪದವಿಗೆ ಏರಿಸಿ, ಶಾಲು ಹೊದಿಸಿ ಚಪ್ಪಾಳೆ ತಟ್ಟಿದ ಸಮಿತಿಯ ದೂರದೃಷ್ಟಿಯನ್ನು ಈಗ ಮೆಚ್ಚಿಕೊಳ್ಳುತ್ತಿದ್ದೇನೆ.

ಆದರೂ ಸಮಿತಿಯು ನಿರ್ದಯವಲ್ಲ. ನನ್ನ ಮುಖ ಬಾಡಿರುವುದನ್ನು ಗಮನಿಸಿದ ಅಧ್ಯಕ್ಷರು, ಸಿಬ್ಬಂದಿಯ ಹಿತಾರ್ಥವಾಗಿ ‘ಒತ್ತಡರಹಿತ ಬದುಕು’ ಎಂಬ ವಿಷಯದ ಮೇಲೆ ಒಂದು ಶಿಬಿರ ನಡೆಯತಕ್ಕದ್ದೆಂದು ನಿರ್ಣಯ ಮಾಡಿಸಿದರು. ಶಿಬಿರಗಳನ್ನು ಏರ್ಪಡಿಸುವುದು ನನ್ನ ಕರ್ತವ್ಯವಾದ್ದರಿಂದ ಅದನ್ನೂ ನಾನೇ ಏರ್ಪಡಿಸಿದೆ. ಭಾನುವಾರ ಬೆಳಗ್ಗೆ 7ಕ್ಕೆ ಉಪನ್ಯಾಸ. ನಾಲ್ಕಕ್ಕೆ ಎದ್ದು ಜಮಖಾನ ಹಾಸಿ, ಪ್ರೊಜೆಕ್ಟರಿನ ತಂತಿ ಸಿಕ್ಕಿಸಿ, ಉಪನ್ಯಾಸಕರಿಗೆ ಗಾಡಿ ಕಳುಹಿಸಿ, ಅವರು ಸಕ್ಕರೆ ತಿನ್ನುವುದಿಲ್ಲವೆಂಬ ಸುದ್ದಿ ತಿಳಿದು ಕೇಸರಿಬಾತಿಗೆ ಬದಲು ಖಾರಾಬಾತ್ ಹೇಳಿ, ಅಂತೂ ಸಭೆ ಕೂಡಿತು. ‘ಇಲ್ಲ’ ಎನ್ನುವುದನ್ನು ಕಲಿಯಿರಿ, ಆ ಎರಡಕ್ಷರದಲ್ಲಿಯೇ ಮನಶ್ಶಾಂತಿಯ ಕೀಲಿಕೈ ಇದೆಯೆಂದು ಉಪನ್ಯಾಸಕರು ಬೋಧಿಸಿ, ನಮ್ಮಿಂದ ಮೂರು ಬಾರಿ ಗಟ್ಟಿಯಾಗಿ ಹೇಳಿಸಿದರು. ಅಷ್ಟರಲ್ಲಿ ಬಾಗಿಲಿನಿಂದ ಅಧ್ಯಕ್ಷರು, “ಏನಪ್ಪಾ, ಸಂಜೆಯ ಹುಟ್ಟುಹಬ್ಬದ ಬಲೂನು ಮರೆತುಬಿಟ್ಟೆಯಾ?” ಎಂದು ಕೂಗಿದರು. ನವೋಪದೇಶವನ್ನು ಪ್ರಯೋಗಿಸಲು ಇದೇ ಸಮಯವೆಂದು ಎದೆಯುಬ್ಬಿಸಿ, “ಇಲ್ಲ” ಎಂದೆ. “ಇಲ್ಲ ಸಾರ್, ಈಗಲೇ ಹೊರಟೆ” ಎಂದು ಉಳಿದ ಮಾತುಗಳು ತಾವಾಗಿಯೇ ಹಿಂಬಾಲಿಸಿದುವು.

ನನ್ನ ಪ್ರಾರ್ಥನೆ ಅತ್ಯಲ್ಪ. ತಿಂಗಳಿಗೊಂದು ಭಾನುವಾರ ರಜೆ ದಯಪಾಲಿಸಬೇಕು. ಅಂದು ನಾನು ಹೆಂಡತಿ ಮಗಳೊಡನೆ ಲಾಲ್‌ಬಾಗಿಗೆ ಹೋಗಿ, ಕೆಂಪೇಗೌಡನ ಗೋಪುರ ನಿಂತಿರುವ ಆ ಬಂಡೆಯ ಮೇಲೆ ಕುಳಿತು ಕಡಲೆಕಾಯಿ ಸುಲಿಯಬೇಕೆಂದಿದ್ದೇನೆ. ಸುಮಾರು 300 ಕೋಟಿ ವರ್ಷಗಳಿಂದ ಆ ಶಿಲೆ ಏನನ್ನೂ ಏರ್ಪಡಿಸದೆ ಸುಮ್ಮನೆ ಬಿದ್ದುಕೊಂಡಿದೆಯಷ್ಟೆ. ಈ ವಿದ್ಯೆಯಲ್ಲಿ ಅದಕ್ಕಿಂತ ಪ್ರೌಢನಾದ ಗುರು ನನಗೆ ತೋರುತ್ತಿಲ್ಲ.

ಈ ಪತ್ರವನ್ನು ಬರುವ ಸರ್ವಸದಸ್ಯರ ಸಭೆಯಲ್ಲಿ ಓದಿಸಬೇಕೆಂದು ಬೇಡಿದಾಗ ಕಾರ್ಯದರ್ಶಿಗಳು ಸಂತೋಷದಿಂದ ಒಪ್ಪಿದರು. ಒಪ್ಪಿ, ಸಭೆಗೆ 150 ಕುರ್ಚಿ, ಒಂದು ಮೈಕು ಮತ್ತು ಕಾಫಿಯ ವ್ಯವಸ್ಥೆ ನೋಡಿಕೊಳ್ಳಿ ಎಂದರು. ಆದ್ದರಿಂದ ಈ ಸಾಲು ತಮ್ಮ ಕಿವಿಗೆ ಬೀಳುವ ಹೊತ್ತಿನಲ್ಲಿ ನಾನು ಹಿಂದಿನ ಬಾಗಿಲ ಬಳಿ ಲೋಟಗಳನ್ನು ಜೋಡಿಸುತ್ತಿರುತ್ತೇನೆ. ಸಕ್ಕರೆಯಿಲ್ಲದ ಕಾಫಿ ಬೇಕಾದವರು ದಯವಿಟ್ಟು ಕೈ ಎತ್ತಬೇಕು. ಆ ಕೈಗಳನ್ನು ನನ್ನ ರಜೆಯ ಪರವಾದ ಮತಗಳೆಂದು ಎಣಿಸಿಕೊಳ್ಳುವಂತೆ ಕಾರ್ಯದರ್ಶಿಗಳಲ್ಲಿ ಅರಿಕೆ ಮಾಡಿಕೊಂಡಿದ್ದೇನೆ.

ಇಂತಿ ತಮ್ಮ ವಿಧೇಯ,
ವಿಹಾರ ನಿರ್ವಾಹಕ