ಅಂಗಳದ ಸಾಗುವಾನಿ ಬೆಂಚಿನೊಡನೆ ಅರ್ಧ ಗಂಟೆ

ಆಗುಂಬೆ ಸೀಮೆಯ ಒಂದು ಹೋಂಸ್ಟೇ ಅಂಗಳ. ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಸುರಿಯುವ ಜಾಗ. ಸ್ವಲ್ಪ ಹೊಳವಾದದ್ದೇ ನೀಲಿ ಟಾರ್ಪಾಲು ಸರಿಸಿ ಮಾತಿಗೆಳೆದೆ. ಬೆಂಚು ಮೊದಲು ಸೀನಿತು.

ನೆಗಡಿಯೇ?

ಬೂಷ್ಟು ಮಾರಾಯ್ರೇ. ಜೂನ್‌ನಲ್ಲಿ ಪೂರ್ತಿ ನೆನೆದ ಮೇಲೆ ಈ ಟಾರ್ಪಾಲು ಹೊದಿಸಿ ಬಿಗಿಯಾಗಿ ಕಟ್ಟಿದರು. ಒಳಗಿನ ಪಸೆ ಎಲ್ಲಿಗೆ ಹೋಗಬೇಕು? ಮರದಲ್ಲಿ ತೇವ ಶೇ. 20 ದಾಟಿ ನಿಂತರೆ ಶಿಲೀಂಧ್ರಕ್ಕೆ ಸುಗ್ಗಿ. ಹೊದಿಸುವುದಾದರೆ ಅಡಿಯಿಂದ ಗಾಳಿಯಾಡಬೇಕು.

ಆದರೂ ವಾರ್ನಿಷ್ ಮಿಂಚುತ್ತಿದೆಯಲ್ಲ?

ಒಳಮನೆಯ ಟೇಬಲ್ಲಿಗೆ ತಂದು ಉಳಿದಿದ್ದ ಡಬ್ಬಿ ಅದು. ಬಿಸಿಲು ಆ ಪದರ ದಾಟಿ ನನ್ನ ಲಿಗ್ನಿನ್ ಕೆಡಿಸುತ್ತದೆ. ಹಿಡಿತ ಹೋಗಿ ವಾರ್ನಿಷ್ ಬಿರಿಯುತ್ತದೆ, ಬಿರುಕಿನಲ್ಲಿ ನೀರು ಇಳಿಯುತ್ತದೆ, ಇಳಿದದ್ದು ಹೊರಬರುವುದಿಲ್ಲ. ಇಲ್ಲಿ ಉಗುರು ಹಾಕಿ ನೋಡಿ. ಹಪ್ಪಳದ ಹಾಗೆ ಎದ್ದುಬಂತಲ್ಲ? ಅಡಿಯಲ್ಲಿ ಕಪ್ಪು ಕಲೆ. ಫೋಟೋದಲ್ಲಿ ಮಾತ್ರ ಅದು ಬರುವುದಿಲ್ಲ.

ಏನೂ ಹಚ್ಚದಿದ್ದರೆ?

ಬೂದು ಬಣ್ಣಕ್ಕೆ ತಿರುಗುತ್ತೇನೆ, ಅಷ್ಟೇ. ಸಾಗುವಾನಿಯ ಚೇಗಿನಲ್ಲಿ ಹುಟ್ಟಿನಿಂದಲೇ ಎಣ್ಣೆಯಂಶವಿದೆ, ಗೆದ್ದಲೂ ಅಷ್ಟು ಸುಲಭಕ್ಕೆ ಬಾಯಿ ಹಾಕುವುದಿಲ್ಲ. ನರೆಗೆ ಹೆದರುವವರು ನೀವು. ಯಜಮಾನ್ರ ಮೀಸೆ ನೋಡಿದಿರಲ್ಲ?

ಅಂಗಡಿಯಲ್ಲಿ ಸಿಗುವ 'ಟೀಕ್ ಆಯಿಲ್' ನಿಮ್ಮದೇ ಎಣ್ಣೆಯೇ?

ನನ್ನನ್ನು ಯಾರೂ ಗಾಣಕ್ಕೆ ಹಾಕಿಲ್ಲ! ಹೆಚ್ಚಿನವು ಅಗಸೆಎಣ್ಣೆಯೋ ಟಂಗ್ ಎಣ್ಣೆಯೋ, ಜೊತೆಗೆ ಥಿನ್ನರು. ಬಣ್ಣ ಬರುತ್ತದೆ, ಆದರೆ ಮತ್ತೆ ಮತ್ತೆ ಹಚ್ಚುತ್ತಿರಬೇಕು. ಒಂದು ಮಾತು: ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆಎಣ್ಣೆ ಒಣಗುತ್ತಾ ಕಾವು ಏರಿ ಬಟ್ಟೆ ತಾನಾಗಿ ಹೊತ್ತಿಕೊಳ್ಳುವುದುಂಟು. ಹರವಿ ಒಣಗಿಸಿ. ಘಟ್ಟದ ಕೆಳಗೆ ದೋಣಿಗಳಿಗೆ ಗೇರುಸಿಪ್ಪೆಯ ಎಣ್ಣೆ ಬಳಿಯುತ್ತಿದ್ದರು, ಹುಳಕ್ಕೆ ಅದು ಆಗದು. ಆದರೆ ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ. ಕೂರುವ ಜಾಗಕ್ಕೆ ಬೇಡ, ಅತಿಥಿಗಳು ನಿಂತುಕೊಂಡೇ ಸ್ಟಾರ್ ಕೊಡಬೇಕಾದೀತು.

ಹಾಗಾದರೆ ನಿಜವಾದ ಕಾಯಿಲೆ ಎಲ್ಲಿ?

ಬಗ್ಗಿ. ಇನ್ನೂ ಸ್ವಲ್ಪ. ಕಾಲಿನ ಬುಡ ಕಂಡಿತೇ? ಮರ ನೀರು ಹೀರುವುದು ಅಡ್ಡ ಕೊಯ್ದ ತುದಿಯಿಂದ. ಆ ತುದಿಯನ್ನೇ ಕೆಸರಿನಲ್ಲಿ ಊರಿದ್ದಾರೆ. ಆ ಎಡಗಾಲು ಬಿಳಿ ಮರದ್ದು, ಚೇಗು ಸಾಲದೆ ಆಚಾರ್ರು ಸುಧಾರಿಸಿದ್ದು. ಹೆಬ್ಬೆರಳು ಒತ್ತಿ... ಸಾಕು, ಸಾಕು! ಒಳಗೇ ಹೋಯಿತು. ಅಡಿಗೆ ನಾಲ್ಕು ಚಪ್ಪಡಿ ಕಲ್ಲು ಇಟ್ಟಿದ್ದರೆ ಆಗುತ್ತಿತ್ತು. ಕಲ್ಲು ಹಿತ್ತಿಲಲ್ಲೇ ಬಿದ್ದಿದೆ. ಪುಕ್ಕಟೆ ನೋಡಿ, ಅದಕ್ಕೇ ಯಾರಿಗೂ ನಂಬಿಕೆ ಬರುವುದಿಲ್ಲ.

ಸಂಜೆ ಯಜಮಾನ್ರು ಇಲ್ಲೇ ಕೂತು ಕಾಫಿ ಕುಡಿಯುತ್ತಾರೇನೋ?

ಛೆ, ಅವರು ಆಚೆ ಪ್ಲಾಸ್ಟಿಕ್ ಕುರ್ಚಿಯಲ್ಲಿ. ಇಲ್ಲಿ ಕೂತರೆ ವಾರ್ನಿಷ್ ಹಾಳಾಗುತ್ತದಂತೆ.